ಮೆಟ್ಟು ಕೊಳ್ಳುವ ಮುನ್ನ

ಬನದ ಹುಣ್ಣಿಮೆ ಹತ್ತಿರ ಬಂದಿತೆಂದರೆ ಬಾಗಲಕೋಟೆಯ ಪೇಟೆಗೆ ಹೊಸ ಕಳೆ ಬರುತ್ತದೆ. ಬಾದಾಮಿಯ ಬನಶಂಕರಿಯ ಜಾತ್ರೆಗೆ ಹೊರಡುವ ಮನೆಗಳಲ್ಲಿ ಮೊದಲು ಸೀರೆಯ ಮಾತು, ಆಮೇಲೆ ಖಣದ ಮಾತು, ಅದರ ಬೆನ್ನಿಗೆ ಬಳೆಯ ಮಾತು. ಇವೆಲ್ಲ ಮುಗಿದು, ಉಳಿದ ಹಣವನ್ನೂ ಉಳಿದ ಹೊತ್ತನ್ನೂ ಎಣಿಸಿ ನೋಡಿದ ಮೇಲೆ ಯಾರಿಗೋ ನೆನಪಾಗುತ್ತದೆ: ಕಾಲಿಗೆ?

ಅಂಥ ದಿನಗಳಲ್ಲಿ ಸಂಜೆಯ ಹೊತ್ತು ಯಾವ ಪಾದರಕ್ಷೆಯ ಅಂಗಡಿಯನ್ನು ಹೊಕ್ಕರೂ ಕಾಣಸಿಗುವ ನೋಟವಿದು. ತಾಯಿ ಬೆಂಚಿನ ತುದಿಯಲ್ಲಿ ಚೀಲ ಹಿಡಿದು ಕುಳಿತಿದ್ದಾಳೆ. ಒಳಗೆ ಬರುವಾಗ ಆಕೆಯ ಒಂದು ಚಪ್ಪಲಿ ಹೊಸ್ತಿಲ ಬಳಿಯೇ ಕಾಲಿನಿಂದ ಜಾರಿ ಉಳಿದಿತ್ತು. ಅಂಗಡಿಯ ಹುಡುಗ ಅದನ್ನು ಎತ್ತಿ ತಂದಾಗಲೇ ಆಕೆಗೆ ತಿಳಿದದ್ದು. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಕಾಲೇಜಿಗೆ ಹೋಗುವ ಮಗಳು ಕನ್ನಡಿಯ ಮುಂದೆ, ಮೂರಂಗುಲ ಎತ್ತರದ ಹಿಮ್ಮಡಿಯ, ಮುಂದೆ ಚೂಪಾದ ಜೋಡೊಂದನ್ನು ಮೆಟ್ಟಿ ನಿಂತಿದ್ದಾಳೆ.

“ಯವ್ವಾ, ಭಾಳ ಛಲೋ ಕಾಣತೈತಿ. ಆದರ ಬೆರಳಿಗೆ ಒತ್ತಾಕತ್ತೈತಿ.”

“ಏನೂ ಆಗೂದಿಲ್ರೀ ಅಕ್ಕಾರ,” ಎಂದು ಅಂಗಡಿಯವನು ಮಗಳಿಗಲ್ಲ, ತಾಯಿಗೆ ಅಭಯ ಕೊಡುತ್ತಾನೆ. “ನಾಕು ದಿನ ಹಾಕ್ಕೊಂಡು ಅಡ್ಡಾಡಿದ್ರ ತಾನ ಸಡ್ಲ ಆಗತೈತಿ.”

“ನಿನಗ ಯಾವುದವ್ವಾ?”

“ನನಗ್ಯಾಕ ಬಿಡು ತಂಗಿ. ಹಳೇವು ಅದಾವಲ್ಲ. ಮನ್ಯಾಗ ಇರಾಕಿಗೆ ಯಾವುದಾದರೇನು?”

‘ಸಡಿಲವಾಗುತ್ತದೆ’ ಎಂಬ ವ್ಯಾಪಾರಿಯ ಅಭಯ, ‘ನನಗೆ ಯಾವುದಾದರೇನು’ ಎಂಬ ತಾಯಿಯ ಔದಾರ್ಯ. ನಮ್ಮ ಹೆಣ್ಣುಮಕ್ಕಳ ಪಾದಗಳಿಗೆ ಈ ಎರಡು ಮಾತುಗಳು ಮಾಡಿರುವಷ್ಟು ಕೇಡನ್ನು ಕಲ್ಲುಮುಳ್ಳುಗಳೂ ಮಾಡಿರಲಾರವು. ಆದುದರಿಂದ ಈ ಎರಡನ್ನೂ ಒಂದಿಷ್ಟು ಒರೆಗೆ ಹಚ್ಚಿ ನೋಡುವುದು ಒಳ್ಳೆಯದು.

ಅಳತೆ ಎಂಬುದು ಅಂಕಿಯಲ್ಲಿಲ್ಲ

ಒಂದೊಂದು ಪಾದದಲ್ಲಿ 26 ಎಲುಬುಗಳಿವೆ. ಅವುಗಳನ್ನು ಬಿಗಿಯುವ ಕಟ್ಟುಗಳೂ ಎಳೆಯುವ ಸ್ನಾಯುಗಳೂ ಸೇರಿ ಪಾದವನ್ನು ಒಂದು ಕಮಾನಿನಂತೆ ಎತ್ತಿ ಹಿಡಿಯುತ್ತವೆ. ನಿಂತಾಗ ಮೈಯ ಭಾರಕ್ಕೆ ಈ ಕಮಾನು ತುಸು ತಗ್ಗುತ್ತದೆ, ಪಾದ ಉದ್ದಕ್ಕೂ ಅಗಲಕ್ಕೂ ಹರಡಿಕೊಳ್ಳುತ್ತದೆ. ಕುಳಿತು ಮೆಟ್ಟಿ ನೋಡಿದ ಜೋಡು ಸರಿಯೆನಿಸಿ, ಎದ್ದು ನಡೆದಾಗ ಬಿಗಿಯುವುದು ಇದರಿಂದಲೇ. ದಿನವೆಲ್ಲ ನಿಂತು ನಡೆದು ಸಂಜೆಯಾಗುವ ಹೊತ್ತಿಗೆ ಪಾದಗಳಲ್ಲಿ ಸ್ವಲ್ಪ ಬಾವು ತುಂಬಿರುತ್ತದೆ. ಬೇಸಗೆಯಲ್ಲಿ ಪಾರ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಅದು ಇನ್ನಷ್ಟು ಹೆಚ್ಚು. ಬೆಳಿಗ್ಗೆ ಹತ್ತು ಗಂಟೆಗೆ ಹೊಂದಿದ ಚಪ್ಪಲಿ ಸಂಜೆ ಐದಕ್ಕೆ ಕಚ್ಚಬಹುದು. ಜೋಡು ಕೊಳ್ಳಲು ಸಂಜೆಯ ಹೊತ್ತೇ ತಕ್ಕುದೆಂದು ಬಲ್ಲವರು ಹೇಳುವುದರಲ್ಲಿ ಇಷ್ಟು ಅರ್ಥವಿದೆ. ಈ ವಿಷಯದಲ್ಲಿ ಮಾತ್ರ ನಮ್ಮ ತಾಯಿ-ಮಗಳು ಅರಿಯದೆಯೇ ಜಾಣತನ ತೋರಿದ್ದರು.

ಎರಡು ಪಾದಗಳೂ ಒಂದೇ ಅಳತೆಯವಾಗಿರುವುದು ಅಪರೂಪ. ಅಂಗಡಿಯವರು ಒಂದೇ ಕಾಲಿಗೆ ತೊಡಿಸಿ ನೋಡುವುದು ವಾಡಿಕೆ. ಎರಡಕ್ಕೂ ತೊಡಿಸಿಕೊಂಡು, ದೊಡ್ಡ ಪಾದಕ್ಕೆ ಹೊಂದುವುದನ್ನೇ ಆರಿಸಬೇಕು. ಸಡಿಲವಾದ ಇನ್ನೊಂದರೊಳಗೆ ತೆಳುವಾದ ಹಾಸೊಂದನ್ನು ಇಡಬಹುದು. ಬಿಗಿಯಾದುದಕ್ಕೆ ಅಂಥ ಉಪಾಯವಿಲ್ಲ.

ಅತಿ ಉದ್ದವಾದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರಿನಷ್ಟು ತೆರಪಿರಬೇಕು. ಆ ಬೆರಳು ಹೆಬ್ಬೆರಳೇ ಆಗಬೇಕೆಂದಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಎರಡನೆಯ ಬೆರಳೇ ಮುಂದು. ಹಿಂದಿನವರು ಅದರಿಂದ ಗಂಡನ ಮೇಲಿನ ದರ್ಪವನ್ನು ಊಹಿಸುತ್ತಿದ್ದರು! ಅದರ ನಿಜಾನಿಜ ಹೇಗೇ ಇರಲಿ, ಕಾಲುಂಗುರ ತೊಡುವುದೂ ಅದೇ ಬೆರಳಿಗೆ. ಮುತ್ತೈದೆಯರ ಪಾದಕ್ಕೆ ಜೋಡು ಆರಿಸುವಾಗ ಈ ಬೆಳ್ಳಿಯ ಸುತ್ತಿನ ದಪ್ಪವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಂಭಾಗ ಮುಚ್ಚಿದ ಕಿರಿದಾದ ಜೋಡಿನೊಳಗೆ ಕಾಲುಂಗುರ ಪಕ್ಕದ ಬೆರಳನ್ನು ಒತ್ತಿ, ತಿಂಗಳೊಪ್ಪತ್ತಿನಲ್ಲಿ ಅಲ್ಲೊಂದು ಆಣಿ ಎದ್ದಿರುತ್ತದೆ. ದಿನವೂ ತೊಡುವ ಕಾಲುಂಗುರವನ್ನು ತೊಟ್ಟುಕೊಂಡೇ ಅಂಗಡಿಗೆ ಹೋಗಬೇಕು. ಕಾಲ್ಚೈನಿನ ಗೆಜ್ಜೆಗೂ ಹರಡಿನ ಪಟ್ಟಿಗೂ ಇದೇ ಮಾತು.

ಇನ್ನು ಅಂಕಿಯ ಮಾತು. ನಮ್ಮ ಅಂಗಡಿಗಳಲ್ಲಿ ‘ಐದು ನಂಬರು, ಆರು ನಂಬರು’ ಎನ್ನುವುದು ಇಂಗ್ಲಿಷರ ಅಳತೆ; ಅದರಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಅಂಗುಲದ ಮೂರನೆಯ ಒಂದು ಪಾಲು. ‘37, 38’ ಎನ್ನುವುದು ಯುರೋಪಿನ ಅಳತೆ. ಅಲ್ಲಿ ಅಂತರ ಸೆಂಟಿಮೀಟರಿನ ಮೂರನೆಯ ಎರಡು ಪಾಲು. ಎರಡೂ ಹೇಳುವುದು ಉದ್ದವನ್ನೇ ಹೊರತು ಅಗಲವನ್ನಲ್ಲ. ಭಾರತೀಯರ ಪಾದ ಆ ದೇಶಗಳವರ ಪಾದಕ್ಕಿಂತ ಅಗಲವಾದುದೆಂಬುದು ನಮ್ಮ ಚಮ್ಮಾರರಿಗೆ ಮೊದಲಿನಿಂದಲೂ ತಿಳಿದಿದ್ದ ಸಂಗತಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಮೀರಿದ ಜನರ ಪಾದಗಳನ್ನು ಯಂತ್ರದಿಂದ ಅಳೆದು ನೋಡಿದಾಗ ಅದೇ ಮಾತು ಅಂಕಿಗಳಲ್ಲಿ ಸಿದ್ಧವಾಯಿತು. ಅಗಲ ಸಾಲದೆಂದು ಜನ ತಮ್ಮ ಅಳತೆಗಿಂತ ಉದ್ದನೆಯ ಜೋಡು ಕೊಳ್ಳುತ್ತಾರೆ, ಹೆಂಗಸರು ಕಿರಿದಾದ ಎತ್ತರದ ಜೋಡುಗಳಲ್ಲಿ ನೋಯುತ್ತಾರೆ ಎಂಬುದೂ ಅದರಿಂದ ಹೊರಬಿತ್ತು. ಈ ಅಳತೆಗಳ ಆಧಾರದ ಮೇಲೆ ‘ಭಾ’ ಎಂಬ ಹೆಸರಿನ ಹೊಸ ಭಾರತೀಯ ಕ್ರಮವೊಂದನ್ನು ಆ ಸಂಸ್ಥೆ ಮುಂದಿಟ್ಟಿದೆ. ನಮ್ಮ ಹುಡುಗಿಯರ ಪಾದ ಹನ್ನೊಂದರ ಆಸುಪಾಸಿನಲ್ಲೇ ತನ್ನ ಬೆಳವಣಿಗೆಯ ತುದಿ ಮುಟ್ಟುತ್ತದೆಂಬುದು ಅದೇ ಸಮೀಕ್ಷೆಯ ಇನ್ನೊಂದು ಸುದ್ದಿ. ಹತ್ತು ಹನ್ನೆರಡರ ಹುಡುಗಿಗೆ ‘ಬೆಳೆಯುವ ಕಾಲು’ ಎಂದು ಎರಡು ನಂಬರು ದೊಡ್ಡದು ಕೊಡಿಸುವ ತಂದೆಯರು ಇದನ್ನು ಗಮನಿಸಬಹುದು.

ಹಾಗೆಂದು ಒಮ್ಮೆ ಗೊತ್ತಾದ ಅಳತೆ ಜೀವಮಾನವೆಲ್ಲ ನಿಲ್ಲುತ್ತದೆಂದಲ್ಲ. ಬಸುರಿನಲ್ಲಿ ಪಾದದ ಕಟ್ಟುಗಳು ಸಡಿಲಗೊಂಡು ಕಮಾನು ತಗ್ಗುತ್ತದೆ. ಹೆರಿಗೆಯಾದ ಮೇಲೂ ಹಲವರ ಪಾದ ಹಿಂದಿನ ಅಳತೆಗೆ ಮರಳುವುದಿಲ್ಲ. ಮದುವೆಯಲ್ಲಿ ಕೊಂಡ ನಂಬರನ್ನೇ ಮೂರು ಮಕ್ಕಳನ್ನು ಹೆತ್ತ ಮೇಲೂ ಕೇಳುವ ಗೃಹಿಣಿ ತನ್ನ ಕಾಲನ್ನು ತಾನೇ ಶಿಕ್ಷಿಸಿಕೊಳ್ಳುತ್ತಾಳೆ.

ಅಂಕಿಗಿಂತ ನಂಬಿಕೆಗೆ ಅರ್ಹವಾದುದು ಒಂದು ಹಾಳೆ. ಅದನ್ನು ಗೋಡೆಗೆ ತಾಗಿಸಿ ನೆಲದ ಮೇಲಿಟ್ಟು, ಹಿಮ್ಮಡಿಯನ್ನು ಗೋಡೆಗೆ ಹಚ್ಚಿ ನೆಟ್ಟಗೆ ನಿಂತು, ಇನ್ನೊಬ್ಬರಿಂದ ಪಾದದ ಸುತ್ತ ಸೀಸದ ಕಡ್ಡಿಯಿಂದ ಗೆರೆ ಎಳೆಸಬೇಕು. ಎರಡು ಪಾದಗಳಿಗೂ. ಆ ಗೆರೆಯಂತೆ ಕತ್ತರಿಸಿದ ಹಾಳೆಯನ್ನು ಅಂಗಡಿಯಲ್ಲಿ ಜೋಡಿನ ಅಟ್ಟೆಯ ಮೇಲೆ ಇಟ್ಟು ನೋಡಿದರೆ, ಹಾಳೆ ಎಲ್ಲಿ ಅಟ್ಟೆಯಿಂದ ಹೊರಗೆ ಚಾಚುತ್ತದೋ ಅಲ್ಲಿ ನಾಳೆ ಬೊಬ್ಬೆ ಏಳುತ್ತದೆ. ಎರಡೂ ಕಾಸಿನ ಖರ್ಚಿಲ್ಲದ ಈ ಪರೀಕ್ಷೆಗೆ ಮುಕ್ಕಾಲು ಪಾಲು ಚೂಪುಮೂತಿಯ ಜೋಡುಗಳು ಸೋಲುತ್ತವೆ.

ಸಡಿಲವಾಗುವುದು ಯಾವುದು?

ಅಂಗಡಿಯವನ ಮಾತು ಪೂರ್ತಿ ಸುಳ್ಳಲ್ಲ. ನಿಜವಾದ ತೊಗಲು ಎಳೆಎಳೆಯಾದ ನಾರುಗಳ ಹೆಣಿಗೆ. ಪಾದದ ಬಿಸಿಗೂ ಬೆವರಿಗೂ ಅದು ಮೆತ್ತಗಾಗಿ, ಒತ್ತಿದ ಕಡೆ ತುಸು ಚಾಚಿಕೊಂಡು, ಹೊತ್ತು ಕಳೆದಂತೆ ಮೆಟ್ಟಿದವರ ಪಾದದ ಅಚ್ಚನ್ನೇ ತಳೆಯುತ್ತದೆ. ಆದರೆ ಅದು ಅಗಲಕ್ಕೆ ಹೊಂದುವುದೇ ಹೊರತು ಉದ್ದಕ್ಕೆ ಬೆಳೆಯುವುದಿಲ್ಲ. ಬೆರಳ ತುದಿಗೆ ತಾಗುವ ಜೋಡು ಯಾವ ಕಾಲಕ್ಕೂ ತಾಗುತ್ತಲೇ ಇರುತ್ತದೆ. ರೆಕ್ಸಿನ್, ಪ್ಲಾಸ್ಟಿಕ್ ಮೊದಲಾದವು ಅಗಲಕ್ಕೂ ಬಗ್ಗುವುದಿಲ್ಲ. ಅವು ಹರಿಯುತ್ತವೆ, ಇಲ್ಲವೆ ಕಾಲನ್ನು ಹರಿಯುತ್ತವೆ.

ಇಂದು ಅಂಗಡಿಗಳಲ್ಲಿ ಹೊಳೆಯುವ ಹೆಣ್ಣುಮಕ್ಕಳ ಜೋಡುಗಳಲ್ಲಿ ತೊಗಲಿನವು ಎಷ್ಟು? ಕತ್ತರಿಸಿದ ಅಂಚನ್ನು ನೋಡಿದರೆ ತಿಳಿಯುತ್ತದೆ. ತೊಗಲಿನ ಅಂಚು ಒರಟು, ನಾರುನಾರು. ನಕಲಿಯ ಅಂಚು ನಯ. ಒಳಗೆ ಬಟ್ಟೆಯ ಪದರ ಇಣುಕುತ್ತದೆ. ಗಿಡದ ತೊಗಟೆಯಿಂದ ಹದಮಾಡಿದ ತೊಗಲಿನ ಮೇಲೆ ನೀರಿನ ಹನಿಯೊಂದನ್ನು ಇಟ್ಟರೆ ಅದನ್ನು ಹೀರಿ ಅಲ್ಲಿ ಬಣ್ಣ ಗಾಢವಾಗುತ್ತದೆ; ಪ್ಲಾಸ್ಟಿಕ್ಕಿನ ಮೇಲೆ ಹನಿ ಕೆಸುವಿನ ಎಲೆಯ ಮೇಲಿನಂತೆ ಉರುಳುತ್ತದೆ.

ಮನೆಯಂಗಳದ ಚಪ್ಪಲಿ

ಇಂಥ ತೊಗಲನ್ನು ಹುಡುಕಿಕೊಂಡು ಬಾಗಲಕೋಟೆಯವರು ದೂರ ಹೋಗಬೇಕಾಗಿಲ್ಲ. ಲೋಕವೆಲ್ಲ ‘ಕೊಲ್ಹಾಪುರಿ’ ಎಂದು ಕರೆಯುವ ಚಪ್ಪಲಿ ಕೊಲ್ಹಾಪುರದವರ ಸೊತ್ತು ಮಾತ್ರವೇ ಅಲ್ಲ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿ.ಐ. ಟ್ಯಾಗ್, ದೊರೆತಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರ, ಸೊಲ್ಲಾಪುರ ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಹೆಸರೂ ಅದರಲ್ಲಿ ಸೇರಿತು. ಮಾನ್ಯತೆ ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳಿಗೆ ಜಂಟಿಯಾಗಿ ಸಂದಿತು. ನಮ್ಮ ಕಡೆಯದು 1976ರಲ್ಲಿ ಸ್ಥಾಪಿತವಾದ ಲಿಡ್ಕರ್. ಜಮಖಂಡಿ, ಮುಧೋಳಗಳು 1948ರವರೆಗೆ ಕೊಲ್ಹಾಪುರದಂತೆಯೇ ದೇಶೀ ಸಂಸ್ಥಾನಗಳಾಗಿದ್ದುದನ್ನೂ, ಕೃಷ್ಣೆಯ ಇಬ್ಬದಿಯ ಈ ಊರುಗಳ ನಡುವೆ ಕುಶಲಕರ್ಮಿಗಳೂ ಸರಕೂ ಹೋಗಿಬರುತ್ತಿದ್ದುದನ್ನೂ ನೆನೆದರೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಇದರ ಕೆಲಸ ನೋಡತಕ್ಕದ್ದು. ಎಮ್ಮೆಯ ತೊಗಲನ್ನು ಸುಣ್ಣದಲ್ಲಿ ನೆನೆಹಾಕಿ ಕೂದಲು ತೆಗೆಯುತ್ತಾರೆ. ಆಮೇಲೆ ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರು ನೀರಿನಲ್ಲಿ ವಾರಗಟ್ಟಲೆ ಹದಕ್ಕೆ ಬಿಡುತ್ತಾರೆ. ಹಿಂದೆ ತೊಗಲನ್ನೇ ಚೀಲದಂತೆ ಹೊಲಿದು, ಆ ರಸವನ್ನು ಅದರೊಳಗೆ ತುಂಬಿ ತೂಗುಹಾಕುವ ಪದ್ಧತಿಯಿತ್ತು. ರಸ ಒಳಗಿನಿಂದ ಹೊರಕ್ಕೆ ಜಿನುಗುತ್ತ ಎಳೆಎಳೆಯನ್ನೂ ತೋಯಿಸುತ್ತಿತ್ತು. ಅಟ್ಟೆಯ ಪದರಗಳನ್ನು ಕೂಡಿಸುವುದು ಮೊಳೆಯಿಂದಲ್ಲ, ತೊಗಲಿನದೇ ದಾರದಿಂದ. ಮೇಲಿನ ಪಟ್ಟಿ, ಅದನ್ನು ಅಟ್ಟೆಗೆ ಬಿಗಿಯುವ ಅಕ್ಕಪಕ್ಕದ ‘ಕಿವಿ’, ಹೆಬ್ಬೆರಳನ್ನು ಹಿಡಿಯುವ ಉಂಗುರ, ಪಟ್ಟಿಯ ಮೇಲಿನ ಜಡೆ ಹೆಣಿಗೆ. ಈ ಜಡೆಯನ್ನು ಹೆಣೆಯುವವರು, ಪಟ್ಟಿಗಳನ್ನು ಹೊಲಿಯುವವರು ಹೆಚ್ಚಾಗಿ ಮನೆಯ ಹೆಂಗಸರು. ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ ಕಳೆದ ಶತಮಾನದ ಕೊನೆಯಲ್ಲಿ ಇಂಥ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕೂಡಿಸಿ ‘ಟೋಹೋಲ್ಡ್’ ಎಂಬ ಕುಶಲಕರ್ಮಿಗಳ ಸಂಘಟನೆ ಎದ್ದಿತು. ಅವರ ಚಪ್ಪಲಿಗಳು ಹೊರದೇಶಗಳಿಗೂ ಹೋದವು.

ನಡೆದಾಗ ‘ಕರ್ ಕರ್’ ಎಂದು ಸದ್ದು ಮಾಡುವ ಚಪ್ಪಲಿಯ ಗುಟ್ಟು ಹಲವರಿಗೆ ತಿಳಿಯದು. ಅಟ್ಟೆಯ ಪದರಗಳ ನಡುವೆ ಬೀಜಗಳನ್ನಿಟ್ಟು ಹೊಲಿದರೆ ಆ ಸದ್ದು ಬರುತ್ತದೆ. ಗೌಡರು ಬರುವುದು ಓಣಿಯ ತಿರುವಿನಲ್ಲೇ ಗೊತ್ತಾಗಬೇಕಷ್ಟೆ! ಹೆಣ್ಣುಮಕ್ಕಳ ಚಪ್ಪಲಿಗೆ ಆ ಸದ್ದನ್ನು ಬೇಡುವವರು ಕಡಿಮೆ. ಹೆಣ್ಣು ನಡೆದರೆ ಸದ್ದಾಗಬಾರದೆಂಬ ಕಾಲದ ನೆರಳು ಅದು.

ಸದ್ದಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾಗದು. ಈ ನಾಡಿನಲ್ಲಿ ಜೋಡು ಮೆಟ್ಟುವುದು ಎಲ್ಲರ ಹಕ್ಕಾಗಿರಲಿಲ್ಲ. ಹಿರಿಯರ ಎದುರು ಸೊಸೆ ಚಪ್ಪಲಿ ಮೆಟ್ಟಬಾರದು. ಹೊಲೆಗೇರಿ, ಮಾದಿಗರ ಕೇರಿಗಳ ಜನ ಮೇಲಿನವರ ಓಣಿಯಲ್ಲಿ ಮೆಟ್ಟು ಹಾಕಿ ನಡೆಯಬಾರದು, ಕೈಯಲ್ಲಿ ಹಿಡಿದು ದಾಟಬೇಕು. ಮೆಟ್ಟನ್ನು ಮಾಡಿದ ಕೈಯೇ ಮೆಟ್ಟನ್ನು ಹೊತ್ತು ನಡೆದ ಕಾಲವದು, ಬಹಳ ಹಿಂದಿನದೂ ಅಲ್ಲ.

ಕೃಷ್ಣೆ ಮಲಪ್ರಭೆಗಳು ಕೂಡುವ ಹುನಗುಂದ ತಾಲೂಕಿನ ಕೂಡಲಸಂಗಮಕ್ಕೆ ಹೋದವರಿಗೆ ಹರಳಯ್ಯನ ಕಥೆ ನೆನಪಾಗದಿರದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಈ ಸಮಗಾರ ಶರಣ ‘ಶರಣು’ ಎಂದಾಗ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರಂತೆ. ಒಂದಕ್ಕೆ ಎರಡು ಬಂದ ಆ ಹೆಚ್ಚಿನ ಶರಣಿನ ಋಣವನ್ನು ತೀರಿಸುವ ಬಗೆ ಕಾಣದೆ, ಹರಳಯ್ಯನೂ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಪಾದರಕ್ಷೆ ಮಾಡಿ ತಂದರೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ಮುಂದೆ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆ ಕಲ್ಯಾಣವನ್ನೇ ಅಲುಗಿಸಿತು. ಇಷ್ಟೆಲ್ಲ ನಡೆದ ನಾಡಿನಲ್ಲಿ ಚಪ್ಪಲಿಯ ಅಂಗಡಿಯ ಮುಂದೆ ನಿಂತು ‘ಇದಕ್ಕೆ ಇಷ್ಟು ಹಣವೇ?’ ಎಂದು ಮೂಗು ಮುರಿಯುವವರು ನಾವೇ.

ಬೆಲೆಯ ವಿಚಾರ ಇತ್ತೀಚೆಗೆ ಇನ್ನೊಂದು ಬಗೆಯಲ್ಲಿ ಸುದ್ದಿಯಾಯಿತು. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಪ್ರದರ್ಶನವೊಂದರಲ್ಲಿ ಪ್ರಾಡಾ ಎಂಬ ಹೆಸರಾಂತ ಸಂಸ್ಥೆ ಹೆಬ್ಬೆರಳಿಗೆ ಉಂಗುರವಿರುವ ಚಪ್ಪಲಿಗಳನ್ನು ತೊಡಿಸಿ ರೂಪದರ್ಶಿಗಳನ್ನು ನಡೆಸಿತು. ಅವು ‘ತೊಗಲಿನ ಸ್ಯಾಂಡಲ್’ಗಳೆಂದು ಬರೆಯಲಾಗಿತ್ತು, ಎಲ್ಲಿಯವೆಂಬ ಮಾತಿರಲಿಲ್ಲ. ಇಲ್ಲಿ ಗದ್ದಲವೆದ್ದ ಬಳಿಕ, ಭಾರತದ ಕೈಗೆಲಸದ ಚಪ್ಪಲಿಯೇ ತಮಗೆ ಸ್ಫೂರ್ತಿಯೆಂದು ಸಂಸ್ಥೆ ಒಪ್ಪಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ಎರಡೂ ನಿಗಮಗಳೊಡನೆ ಒಪ್ಪಂದವಾಗಿ, ಈ ಎರಡು ರಾಜ್ಯಗಳಲ್ಲೇ 2000 ಜೊತೆ ಮಾಡಿಸಿ, ಜೊತೆಗೆ ಸುಮಾರು 800 ಯೂರೋದಂತೆ ಮಾರುವುದಾಗಿ ಸಾರಲಾಯಿತು. ನಮ್ಮ ಲೆಕ್ಕದಲ್ಲಿ ಅದು 80 ಸಾವಿರ ರೂಪಾಯಿಗೂ ಮೇಲು. ಅಷ್ಟು ಹಣದಲ್ಲಿ ನಮ್ಮ ಕಡೆಯ ಒಂದು ಮನೆತನಕ್ಕೆ ಎರಡು ತಲೆಮಾರು ಸಾಲುವಷ್ಟು ಚಪ್ಪಲಿ ಬಂದೀತು!

ಯಾವ ನೆಲಕ್ಕೆ ಯಾವ ಅಟ್ಟೆ

ಆದರೆ ಒಳ್ಳೆಯ ಚಪ್ಪಲಿ ಎಂದ ಮಾತ್ರಕ್ಕೆ ಎಲ್ಲ ಕಡೆಗೂ ಒಳ್ಳೆಯದೆಂದಲ್ಲ. ತೊಗಲಿನ ಅಟ್ಟೆಗೆ ಎರಡು ಶತ್ರುಗಳು: ನೀರು ಮತ್ತು ನುಣುಪು. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಅದನ್ನು ಮೆಟ್ಟಿ ಹೋದರೆ ಮಣ್ಣು ಕಚ್ಚಿ ಒಂದೊಂದು ಕಾಲು ಒಂದೊಂದು ಸೇರು ತೂಗುತ್ತದೆ, ನೆನೆದ ಅಟ್ಟೆ ಉಬ್ಬುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟು ದೇಶವಿದೇಶಗಳಲ್ಲಿ ಹೆಸರು ಮಾಡಿದೆ. ಇಲ್ಲಿನ ಹೊಸ ಮನೆಗಳಲ್ಲೂ ಕಚೇರಿಗಳಲ್ಲೂ ಕನ್ನಡಿಯಂತೆ ಹೊಳಪಿಟ್ಟ ಕಲ್ಲಿನ ನೆಲ ಸಾಮಾನ್ಯವಾಗಿದೆ. ಆ ನೆಲದ ಮೇಲೆ ಒಂದು ತಂಬಿಗೆ ನೀರು ಚೆಲ್ಲಿದ್ದರೆ ತೊಗಲಿನ ನಯವಾದ ಅಟ್ಟೆ ಜಾರುವುದು ಖಂಡಿತ. ಅಂಥ ಕಡೆ ಕೆಲಸ ಮಾಡುವವರು ಅಟ್ಟೆಯ ಕೆಳಗೆ ರಬ್ಬರಿನ ತೆಳು ಪದರ ಹಚ್ಚಿಸಿಕೊಳ್ಳಬಹುದು. ನೋಟ ಕೆಡುವುದಿಲ್ಲ, ಸೊಂಟ ಉಳಿಯುತ್ತದೆ.

ಬಾದಾಮಿಯ ಗುಹೆಗಳನ್ನು ಏರುವವರು ನೆನಪಿಡಬೇಕಾದುದು ಬೇರೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ಚೆಲುವನ್ನು ನೋಡಲು ಮರಳುಗಲ್ಲಿನ ಎತ್ತರೆತ್ತರದ ಮೆಟ್ಟಲುಗಳನ್ನು ಹತ್ತಬೇಕು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಜೋಡಿನ ಮೂತಿಗೆ ಗುದ್ದುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ, ಅಟ್ಟೆಗೆ ಹಿಡಿತವಿರುವ, ತಟ್ಟನೆಯ ಜೋಡೇ ಅಲ್ಲಿ ಸೈ. ಎತ್ತರದ ಹಿಮ್ಮಡಿಯಲ್ಲಿ ಬಂದ ತರುಣಿಯರು ಅರ್ಧದಲ್ಲೇ ಜೋಡನ್ನು ಕೈಗೆ ತೆಗೆದುಕೊಂಡು, ಕಾದ ಕಲ್ಲಿನ ಮೇಲೆ ಕುಪ್ಪಳಿಸುತ್ತ ಇಳಿಯುವುದು ಅಲ್ಲಿ ಕಾಣಸಿಗುವ ನೋಟ. ಮಹಾಕೂಟ, ಬನಶಂಕರಿ ಎಂದು ಒಂದೇ ದಿನದಲ್ಲಿ ನಾಲ್ಕು ಗುಡಿ ಸುತ್ತುವವರಿಗೆ ಬಕ್ಕಲ್ಲು ಬಿಗಿಯುವ ಜೋಡು ಬೇಸರ ತರಿಸುತ್ತದೆ. ಅವರಿಗೆ ಸುಲಭವಾಗಿ ತೆಗೆದು ತೊಡುವಂಥದೇ ಹಿತ.

ಹಿಮ್ಮಡಿಯ ಎತ್ತರವೆಂಬುದು ಸೊಗಸಿನ ಮಾತಾದರೂ ಅದರ ಲೆಕ್ಕ ಭಾರದ್ದು. ಹಿಮ್ಮಡಿ ಮೇಲೆದ್ದಷ್ಟೂ ಮೈಯ ಭಾರ ಮುಂಗಾಲಿನ ಮೇಲೆ ಸರಿಯುತ್ತದೆ. ಮೂತಿ ಕಿರಿದಾಗಿದ್ದರೆ ಬೆರಳುಗಳು ಒಂದರ ಮೇಲೊಂದು ಏರುತ್ತವೆ. ವರ್ಷಗಟ್ಟಲೆ ಹೀಗಾದಾಗ ಹೆಬ್ಬೆರಳು ಒಳಕ್ಕೆ ಬಾಗಿ, ಅದರ ಬುಡದ ಗಂಟು ಹೊರಕ್ಕೆ ಉಬ್ಬುತ್ತದೆ. ಮೀನಖಂಡದ ಸ್ನಾಯುವೂ ಹಿಂಬದಿಯ ನರವೂ ಕುಗ್ಗಿ, ಆಮೇಲೆ ಬರಿಗಾಲಲ್ಲಿ ನಡೆದರೇ ನೋವು. ಎತ್ತರ ಬೇಕೇ ಬೇಕೆನ್ನುವವರು ಒಂದು ಒಂದೂವರೆ ಅಂಗುಲಕ್ಕೆ ನಿಲ್ಲಿಸಿ, ಹಿಮ್ಮಡಿ ಮೊಳೆಯಂತೆ ಸಣ್ಣಗಿರದೆ ಅಗಲವಾಗಿರುವಂತೆ ನೋಡಿಕೊಂಡರೆ ಮದುವೆ ಮುಂಜಿಗಳ ಮಟ್ಟಿಗೆ ಬಾಧಕವಿಲ್ಲ. ದಿನವೆಲ್ಲ ನಿಂತು ಪಾಠ ಹೇಳುವ ಶಿಕ್ಷಕಿಗೆ, ವಾರ್ಡಿನಿಂದ ವಾರ್ಡಿಗೆ ಓಡಾಡುವ ದಾದಿಗೆ ಅದೂ ಬೇಡ.

ಇಳಕಲ್ಲ ಸೀರೆಯನ್ನು ಉಡುವವರಿಗೆ ಒಂದು ಕಿವಿಮಾತು. ಯಾವ ಜೋಡು ಮೆಟ್ಟಿ ಹೊರಡುವುದೋ ಅದನ್ನು ಮೆಟ್ಟಿಕೊಂಡೇ ನೆರಿಗೆ ಹಿಡಿಯಬೇಕು. ಬರಿಗಾಲಲ್ಲಿ ಉಟ್ಟು, ಆಮೇಲೆ ಎರಡಂಗುಲ ಮೇಲೇರಿದರೆ ಅಂಚು ಹರಡಿನ ಮೇಲೆ ನಿಲ್ಲುತ್ತದೆ. ಎತ್ತರದಲ್ಲಿ ಉಟ್ಟು ತಟ್ಟನೆಯದನ್ನು ಮೆಟ್ಟಿದರೆ ಅಂಚು ನೆಲ ಗುಡಿಸುತ್ತದೆ, ಕಾಲಿಗೆ ತೊಡರುತ್ತದೆ. ಬಣ್ಣದ ಚಿಂತೆ ಬೇಡ. ದಾಳಿಂಬೆಯ ಕೆಂಪೇ ಇರಲಿ, ನವಿಲಿನ ಹಸುರೇ ಇರಲಿ, ಟೋಪ ತೆನಿಯ ಕೆಂಪು ಬಿಳುಪಿನ ಸೆರಗಿಗೆ ಹದಮಾಡಿದ ತೊಗಲಿನ ಸಹಜವಾದ ಕಂದು ಬಣ್ಣದಷ್ಟು ಒಪ್ಪುವುದು ಮತ್ತೊಂದಿಲ್ಲ. ಸೀರೆಗೆ ತಕ್ಕಂತೆ ಹತ್ತು ಬಣ್ಣದ ಹತ್ತು ಜೊತೆ ಅಗ್ಗದ ಚಪ್ಪಲಿ ಕೂಡಿಸುವುದಕ್ಕಿಂತ ಇಂಥ ಒಂದು ಜೊತೆ ಮೇಲು.

ಜಾರಿಹೋದ ಚಪ್ಪಲಿ

ಇನ್ನು ತಾಯಿಯ ಮಾತು. ಹೊಸ್ತಿಲ ಬಳಿ ಜಾರಿ ಉಳಿದ ಆಕೆಯ ಚಪ್ಪಲಿಯನ್ನು ಕಂಡು ಎಲ್ಲರೂ ನಕ್ಕರಷ್ಟೆ. ವೈದ್ಯರೊಬ್ಬರು ಅಲ್ಲಿದ್ದಿದ್ದರೆ ನಗುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಬಹಳ ವರ್ಷ ಮೈಯಲ್ಲಿ ನಿಂತರೆ ಪಾದದ ನರಗಳು ಮೆಲ್ಲಮೆಲ್ಲನೆ ಜಡವಾಗುತ್ತವೆ. ಮೊದಲು ಜುಮುಗುಡುವುದು, ಉರಿ. ಆಮೇಲೆ ಹತ್ತಿಯ ಮೇಲೆ ನಡೆದಂತೆ ಭಾಸ. ಕೊನೆಗೆ ಏನೂ ಇಲ್ಲ. ಚಪ್ಪಲಿ ಕಾಲಿನಿಂದ ಕಳಚಿದ್ದು ತಿಳಿಯದೆ ಮುಂದೆ ನಡೆಯುವುದು ಈ ಜಡತ್ವದ ಹೆಸರಾಂತ ಕುರುಹು. ನೋವು ತಿಳಿಯದ ಪಾದಕ್ಕೆ ಮುಳ್ಳು ಹೊಕ್ಕರೂ ಗೊತ್ತಾಗದು, ಪಟ್ಟಿ ಉಜ್ಜಿ ಹುಣ್ಣಾದರೂ ಗೊತ್ತಾಗದು. ಹುಣ್ಣು ಮಾಯದೆ, ಕೀವು ಎಲುಬಿಗಿಳಿದು, ಬೆರಳನ್ನೋ ಪಾದವನ್ನೋ ತೆಗೆಯಬೇಕಾಗಿ ಬರುವ ಪ್ರಸಂಗಗಳು ಆಸ್ಪತ್ರೆಗಳಲ್ಲಿ ಹೊಸತಲ್ಲ; ಅವುಗಳಲ್ಲಿ ಎಷ್ಟೋ ಒಂದು ಹೊಂದದ ಚಪ್ಪಲಿಯಿಂದ ಆರಂಭವಾದಂಥವು. ‘ಮನ್ಯಾಗ ಇರಾಕಿಗೆ ಯಾವುದಾದರೇನು’ ಎಂಬ ಮಾತಿನ ಬೆಲೆ ಇಷ್ಟು.

ಅಂಥ ಪಾದಕ್ಕೆ ಮಗಳ ಸೊಗಸಿನ ಜೋಡೂ ಬೇಡ, ಬೆರಳ ಸಂದಿಯಲ್ಲಿ ಬಾರು ಹಾಯುವ ಹವಾಯಿಯೂ ಬೇಡ. ಊರ ಹೆಮ್ಮೆಯ ಉಂಗುರದ ಚಪ್ಪಲಿಯೂ ಬೇಡವೆಂದು ಹೇಳುವುದು ಕಷ್ಟವಾದರೂ ಹೇಳಲೇಬೇಕು. ಬೆರಳನ್ನು ಹಿಡಿಯುವ ಯಾವುದೂ ಅಲ್ಲಿ ಉಜ್ಜುತ್ತದೆ. ಅವರಿಗೆ ಬೇಕಾದುದು ಒಳಗೆ ಮೆತ್ತಗಿನ, ಹೊರಗೆ ಮುಳ್ಳು ಹೊಗದಂತೆ ಗಟ್ಟಿಯಾದ ಅಟ್ಟೆ, ಅಗಲವಾದ ಮುಂಭಾಗ, ಹಿಮ್ಮಡಿಯ ಹಿಂದೊಂದು ಪಟ್ಟಿ, ಬಾವು ಹೆಚ್ಚಿದಾಗ ಸಡಿಲಿಸಬಲ್ಲ ಅಂಟುಪಟ್ಟಿ. ‘ಎಂ.ಸಿ.ಆರ್. ಚಪ್ಪಲಿ’ ಎಂದು ಔಷಧದಂಗಡಿಗಳಲ್ಲಿ ಕೇಳಿದರೆ ಸಿಗುವುದು ಈ ಬಗೆಯದು. ಸಣ್ಣ ಸಣ್ಣ ಗಾಳಿಗೂಡುಗಳಿರುವ ಆ ರಬ್ಬರು ಮೊದಲು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳನ್ನು ಕಾಯಲು ನಮ್ಮ ದೇಶದಲ್ಲಿ ಬಳಕೆಗೆ ಬಂತು. ವೆಲ್ಲೂರಿನಲ್ಲಿ ಅಂಥ ರೋಗಿಗಳ ನಡುವೆ ಕೆಲಸ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು, ನೋವಿಲ್ಲದಿರುವುದೇ ಪಾದಕ್ಕೆ ದೊಡ್ಡ ಅಪಾಯವೆಂಬುದನ್ನು ಲೋಕಕ್ಕೆ ತೋರಿಸಿದವರು.

ಹೊಸ ಜೋಡನ್ನು ಇಂಥವರು ಮೊದಲ ದಿನವೇ ಹೊತ್ತೆಲ್ಲ ಮೆಟ್ಟಬಾರದು. ಒಂದು ಗಂಟೆ ಮೆಟ್ಟಿ, ತೆಗೆದು, ಎಲ್ಲಾದರೂ ಕೆಂಪಾಗಿದೆಯೇ ಎಂದು ನೋಡಬೇಕು. ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ ಹರಳೋ ಮೊಳೆಯೋ ಇದೆಯೇ ಎಂದು ತಡಕಬೇಕು. ರಾತ್ರಿ ಪಾದ ತೊಳೆದು, ಬೆರಳ ಸಂದಿ ಒರೆಸಿ, ಅಡಿಯನ್ನು ಕನ್ನಡಿ ಹಿಡಿದೋ ಮಕ್ಕಳ ಕೈಲೋ ನೋಡಿಸಬೇಕು. ಗುಡಿಗೆ ಹೋದಾಗ ಬರಿಗಾಲಲ್ಲಿ ನಡೆಯದೆ ವಿಧಿಯಿಲ್ಲವಲ್ಲ! ನಡುಹಗಲಿನಲ್ಲಿ ಬನಶಂಕರಿಯ ಅಥವಾ ಕೂಡಲಸಂಗಮದ ಕಲ್ಲುಹಾಸು ಕಾದ ಹಂಚಿನಂತಾಗಿರುತ್ತದೆ. ಜಡವಾದ ಪಾದ ಅಲ್ಲಿ ಸುಟ್ಟು ಬೊಬ್ಬೆಯೆದ್ದರೂ ಮನೆಗೆ ಬಂದ ಮೇಲೆಯೇ ತಿಳಿಯುವುದು. ಬೆಳಗಿನ ತಂಪಿನಲ್ಲಿ ಹೋಗುವುದು, ಅರಿವೆಯ ದಪ್ಪ ಕಾಲುಚೀಲ ತೊಡುವುದು, ಇವಕ್ಕೆ ದೇವಿಯ ಆಕ್ಷೇಪಣೆ ಇದ್ದಂತಿಲ್ಲ.

ಅಂಗಡಿಯಲ್ಲಿ ಮಗಳು ಮೂರಂಗುಲದ ಜೋಡನ್ನು ಕಳಚಿ ಪೆಟ್ಟಿಗೆಯಲ್ಲಿಡುತ್ತಾಳೆ. ಜಾರಿದ ಚಪ್ಪಲಿ ಅವಳ ಮನಸ್ಸಿನಿಂದ ಜಾರಿರಲಿಲ್ಲ. ಅಂಗಡಿಯ ಹುಡುಗನಿಂದ ಹಳೆಯ ವೃತ್ತಪತ್ರಿಕೆಯ ಎರಡು ಹಾಳೆ ಕೇಳಿ ಪಡೆದು ಗೋಡೆಯ ಬದಿಗೆ ಹಾಸುತ್ತಾಳೆ.

“ಯವ್ವಾ, ಇಲ್ಲಿ ಬಾ. ಇದರ ಮ್ಯಾಲ ನಿಂದರು.”

“ಏ, ಎಲ್ಲಾರೂ ನೋಡಾಕತ್ತಾರ ನೋಡ!”

“ನೋಡ್ಲಿ ಬಿಡು. ಹಿಮ್ಮಡ ಗೋಡಿಗೆ ಹಚ್ಚು.”

ತಾಯಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಮಗಳು ನೆಲದ ಮೇಲೆ ಕುಳಿತು ಎಡಗಾಲ ಸುತ್ತ ಸೀಸದ ಕಡ್ಡಿಯನ್ನು ಮೆಲ್ಲಗೆ ಎಳೆಯುತ್ತಾಳೆ. ಕಿರುಬೆರಳ ಬಳಿ ಕಡ್ಡಿಯ ಮೊನೆ ಚುಚ್ಚಿದಂತಾಗಿ ಅವಳ ಕೈ ನಿಲ್ಲುತ್ತದೆ.

“ಚುಚ್ಚಿತೇನವ್ವಾ?”

“ಎಲ್ಲಿ?” ಎನ್ನುತ್ತಾಳೆ ತಾಯಿ.